ಕಂಪವಾತದ ನಡಿಗೆಗೆ ಮಿದುಳಿನ ಶಸ್ತ್ರಚಿಕಿತ್ಸೆ: ಹೊಲ ಅಡವಿಡುವ ಮುನ್ನ ತಿಳಿಯಬೇಕಾದ ಸಂಗತಿ



ವಯಸ್ಸಾದವರ ಕೈ ನಡುಗಿದರೆ, ಹೆಜ್ಜೆ ಚಿಕ್ಕದಾದರೆ, "ಮುಪ್ಪು ಬಂತು" ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಎಲ್ಲವೂ ಮುಪ್ಪಲ್ಲ. ಕೈ ಸುಮ್ಮನಿರುವಾಗಲೇ ನಡುಗುವುದು, ಮೈ ಬಿಗಿಯುವುದು, ಎಲ್ಲ ಕೆಲಸವೂ ನಿಧಾನವಾಗುವುದು, ನಡೆಯುವಾಗ ಒಂದು ಕೈ ಬೀಸದಿರುವುದು ಇವು ಪಾರ್ಕಿನ್ಸನ್ ರೋಗದ ಲಕ್ಷಣಗಳಾಗಿರಬಹುದು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ವಿವರಿಸಿ ಬರೆದುದರಿಂದ ಈ ಹೆಸರು ಬಂದಿದೆ. ಆಯುರ್ವೇದದಲ್ಲಿ ಇದಕ್ಕೆ ಹತ್ತಿರವಾದ ರೋಗವನ್ನು ಕಂಪವಾತವೆನ್ನುತ್ತಾರೆ.

ಮಿದುಳಿನೊಳಗೆ ತಂತಿ ಇಟ್ಟು ಈ ರೋಗಕ್ಕೆ ಚಿಕಿತ್ಸೆ ಮಾಡುತ್ತಾರೆ. ಇದಕ್ಕೆ ಹಲವು ಲಕ್ಷ ರೂಪಾಯಿ ತಗಲುತ್ತದೆ. ನಡೆಯಲಾರದವರನ್ನು ನಡೆಸಬೇಕೆಂಬ ಆಸೆಯಿಂದ ಸಾಲ ಮಾಡುವ ಮೊದಲು, ಯಾವ ಬಗೆಯ ನಡಿಗೆ ಇದರಿಂದ ಸರಿಹೋಗುತ್ತದೆ, ಯಾವುದು ಹೋಗದು ಎಂಬುದನ್ನು ತಿಳಿಯುವುದು ಅವಶ್ಯ.

ರೋಗದ ಮೂಲ

ಮಿದುಳಿನ ಬುಡದ ಒಂದು ಸಣ್ಣ ಭಾಗದಲ್ಲಿ ಡೋಪಮಿನ್ ಎಂಬ ರಸ ತಯಾರಾಗುತ್ತದೆ. ಕೈಕಾಲುಗಳು ಸರಾಗವಾಗಿ ಆಡಲು ಇದು ಬೇಕು. ಈ ರೋಗದಲ್ಲಿ ಅದನ್ನು ತಯಾರಿಸುವ ಜೀವಕೋಶಗಳು ವರ್ಷದಿಂದ ವರ್ಷಕ್ಕೆ ನಶಿಸುತ್ತವೆ. ಕೊರತೆ ತುಂಬಲು ಲೆವೊಡೋಪ ಎಂಬ ಔಷಧ ಕೊಡುತ್ತಾರೆ. ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲಿ ಇದೇ ವಸ್ತುವಿದೆಯೆಂದು ಮದರಾಸಿನ ವಿಜ್ಞಾನಿಗಳು 1937ರಲ್ಲಿಯೇ ಕಂಡುಕೊಂಡರು. ಹಾಗೆಂದು ಬೀಜವನ್ನು ಕುಟ್ಟಿ ತಿನ್ನಕೂಡದು. ಅದರಲ್ಲಿರುವ ಪ್ರಮಾಣ ಒಂದೇ ಸಮವಿರುವುದಿಲ್ಲ.

ವರ್ಷಗಳು ಕಳೆದಂತೆ ಗುಳಿಗೆಯ ಗುಣ ಬೇಗ ಇಳಿಯುತ್ತದೆ. ಮೈ ತಾನಾಗಿ ಕುಣಿಯುವಂತಾಗುವುದೂ ಉಂಟು. ಶಸ್ತ್ರಚಿಕಿತ್ಸೆಯ ಮಾತು ಬರುವುದು ಈ ಹಂತದಲ್ಲಿ.

ಚಿಕಿತ್ಸೆಯ ಬಗೆ

ಫ್ರಾನ್ಸಿನ ಗ್ರೆನೋಬ್ಲ್ ನಗರದಲ್ಲಿ ಡಾಕ್ಟರ್ ಬೆನಬಿದ್ ಮತ್ತು ಅವರ ಸಂಗಡಿಗರು 1987ರಲ್ಲಿ ಈ ವಿಧಾನವನ್ನು ನಡುಕಕ್ಕೆ ಬಳಸಿ ದಾರಿ ತೋರಿದರು. ಮಿದುಳಿನ ಆಳಕ್ಕೆ ಸಣ್ಣ ತಂತಿಗಳನ್ನು ಇಳಿಸುತ್ತಾರೆ. ಅಲ್ಲಿಂದ ಚರ್ಮದಡಿಯಲ್ಲಿ ಕುತ್ತಿಗೆಯ ಮೂಲಕ ತಂತಿ ಎಳೆದು, ಎದೆಯ ಮೇಲ್ಭಾಗದಲ್ಲಿ ಹುದುಗಿಸಿದ ಬ್ಯಾಟರಿ ಯಂತ್ರಕ್ಕೆ ಸೇರಿಸುತ್ತಾರೆ. ಯಂತ್ರವು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 130 ಸಲ ಸಣ್ಣ ವಿದ್ಯುತ್ ಮಿಡಿತ ಕೊಟ್ಟು, ಮಿದುಳಿನ ತಪ್ಪು ತಾಳವನ್ನು ತಡೆಯುತ್ತದೆ. ರೋಗ ಇದರಿಂದ ವಾಸಿಯಾಗುವುದಿಲ್ಲ, ಲಕ್ಷಣಗಳು ಹತೋಟಿಗೆ ಬರುತ್ತವೆ ಅಷ್ಟೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ಚಿಕಿತ್ಸೆ ಇದೆ.

ಯಾವ ನಡಿಗೆ ಸುಧಾರಿಸುತ್ತದೆ?

ಬಹುಮಟ್ಟಿಗೆ ಇದಕ್ಕೊಂದು ಸೂತ್ರವುಂಟು: ಗುಳಿಗೆಗೆ ಒಗ್ಗುವ ನಡಿಗೆ ತಂತಿಗೂ ಒಗ್ಗುತ್ತದೆ.

ಗುಳಿಗೆ ಇಳಿದಾಗ ಕಾಲೆಳೆಯುವವರು, ಹೊಸಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಲ್ಲುವವರು, ಗುಳಿಗೆ ಹತ್ತಿದ ಮೇಲೆ ಚೆನ್ನಾಗಿ ನಡೆದರೆ ಅಂಥವರಿಗೆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನ ನಿರೀಕ್ಷಿಸಬಹುದು. ಗುಳಿಗೆ ಪೂರ್ಣವಾಗಿ ಕೆಲಸ ಮಾಡುತ್ತಿರುವಾಗಲೂ ಕಾಲು ಕಟ್ಟುವವರಿಗೆ, ತೂಕ ತಪ್ಪಿ ಬೀಳುವವರಿಗೆ ಸಾಮಾನ್ಯವಾಗಿ ಹೆಚ್ಚು ಫಲ ಸಿಗುವುದಿಲ್ಲ. ಕೆಲವರಲ್ಲಿ ನಡಿಗೆ ಇನ್ನಷ್ಟು ಕೆಡುವುದೂ ಉಂಟು. ಏಕೆಂದರೆ ನಿಲುವಿಗೂ ತೂಕಕ್ಕೂ ಬೇಕಾದ ಮಿದುಳಿನ ಬೇರೆ ಭಾಗಗಳೂ ಅವರಲ್ಲಿ ಹಾಳಾಗಿರುತ್ತವೆ. ಕಾಲುವೆಯ ತೂಬು ಸರಿಪಡಿಸಿದರೂ ಹೊಲದ ಬದು ಒಡೆದಿದ್ದರೆ ನೀರು ನಿಲ್ಲದು.

ಆದ್ದರಿಂದ ವೈದ್ಯರು ರಾತ್ರಿಯಿಂದ ಗುಳಿಗೆ ನಿಲ್ಲಿಸಿ ಬೆಳಿಗ್ಗೆ ನಡೆಸಿ ನೋಡುತ್ತಾರೆ. ಗುಳಿಗೆ ಕೊಟ್ಟು ಮತ್ತೆ ನಡೆಸಿ ನೋಡುತ್ತಾರೆ. ಈ ಪರೀಕ್ಷೆಯ ಫಲವನ್ನು ಕೇಳಿ ತಿಳಿದುಕೊಳ್ಳಿರಿ. ನೀವಾಗಿಯೇ ಎಂದೂ ಗುಳಿಗೆ ನಿಲ್ಲಿಸಕೂಡದು. ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಮರೆವು, ಬುದ್ಧಿಭ್ರಮೆ ಹೆಚ್ಚಿರುವವರಿಗೆ ಈ ಚಿಕಿತ್ಸೆ ತಕ್ಕುದಲ್ಲ.

ಅಪಾಯ ಮತ್ತು ಮುಂದಿನ ಖರ್ಚು

ಮಿದುಳಿನಲ್ಲಿ ರಕ್ತಸ್ರಾವ ಅಥವಾ ಕೀವು ಆಗುವುದು ಅಪರೂಪವಾದರೂ ಇದ್ದೇ ಇದೆ. ಮಾತು ತೊದಲಬಹುದು. ಯಂತ್ರವನ್ನು ಹೊಂದಿಸಲು ತಿಂಗಳುಗಟ್ಟಲೆ ಆಸ್ಪತ್ರೆಗೆ ಹೋಗಿಬರಬೇಕು. ಸಾಧಾರಣ ಬ್ಯಾಟರಿ ಕೆಲವೇ ವರ್ಷ ಬರುತ್ತದೆ. ಬದಲಿಸಲು ಮತ್ತೆ ಹಣ ಬೇಕು. ಇವನ್ನೆಲ್ಲ ಮೊದಲೇ ಲೆಕ್ಕ ಹಾಕಿರಿ. ಸರ್ಕಾರದ ಆರೋಗ್ಯ ಯೋಜನೆಯಿಂದ ಏನು ನೆರವು ದೊರೆಯುವುದೆಂದು ಆಸ್ಪತ್ರೆಯಲ್ಲಿ ವಿಚಾರಿಸಿರಿ.

ಮನೆಯಲ್ಲಿ ಮಾಡಬೇಕಾದುದು

1. ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ಕೊಡಿರಿ. ಯಾವ ಹೊತ್ತಿನಲ್ಲಿ ನಡಿಗೆ ಕೆಡುತ್ತದೆಂದು ಬರೆದಿಟ್ಟು ವೈದ್ಯರಿಗೆ ತೋರಿಸಿರಿ.

2. ಕಾಲು ಕಟ್ಟಿದಾಗ ಕೈಹಿಡಿದು ಎಳೆಯಬೇಡಿರಿ. ನಿಲ್ಲಿಸಿ, ಭಾರವನ್ನು ಒಂದು ಕಾಲಿಗೆ ಹಾಕಿಸಿ, "ಒಂದು, ಎರಡು" ಎಂದು ಎಣಿಸುತ್ತ ಹೆಜ್ಜೆ ಇಡಿಸಿರಿ.

3. ಓಡಾಡುವ ಜಾಗದಲ್ಲಿ ಹೆಜ್ಜೆಗೊಂದರಂತೆ ಸುಣ್ಣದ ಅಡ್ಡಗೆರೆ ಎಳೆಯಿರಿ. ಗೆರೆ ದಾಟುವ ಗುರಿ ಸಿಕ್ಕರೆ ಅನೇಕರ ಕಾಲು ಏಳುತ್ತದೆ.

4. ತಿರುಗುವಾಗ ಥಟ್ಟನೆ ತಿರುಗದೆ, ಬಳಸಿ ತಿರುಗಲು ಹೇಳಿರಿ. ನಡೆಯುವಾಗ ಕೈಯಲ್ಲಿ ಕೊಡ ಬೇಡ, ಮಾತೂ ಬೇಡ.

5. ದಾರಿಯಲ್ಲಿ ಹಗ್ಗ, ಗುದ್ದಲಿ ಬಿದ್ದಿರದಿರಲಿ. ರಾತ್ರಿ ದೀಪವಿರಲಿ.

6. ಯಂತ್ರ ಹಾಕಿಸಿಕೊಂಡವರು ನೋವಿಗೆ ವಿದ್ಯುತ್ ಶಾಖ ಚಿಕಿತ್ಸೆ ಮಾಡಿಸಿಕೊಳ್ಳಕೂಡದು. ಯಾವ ಆಸ್ಪತ್ರೆಗೆ ಹೋದರೂ ಯಂತ್ರದ ಸಂಗತಿಯನ್ನು ಮೊದಲು ತಿಳಿಸಬೇಕು.

ಬಿತ್ತುವ ಮೊದಲು ಮಣ್ಣು ಪರೀಕ್ಷೆ ಮಾಡಿಸುವಂತೆ, ಹಣ ಹೂಡುವ ಮೊದಲು ನರರೋಗ ತಜ್ಞರಿಂದ ನಡಿಗೆಯ ಪರೀಕ್ಷೆ ಮಾಡಿಸಿರಿ. "ನಮ್ಮವರ ನಡಿಗೆ ಗುಳಿಗೆಯಿಂದ ಸುಧಾರಿಸುತ್ತದೆಯೇ?" ಎಂಬ ಒಂದು ಪ್ರಶ್ನೆಯನ್ನು ಮರೆಯದೆ ಕೇಳಿರಿ.

— ಗ್ರಾಮಸೇವಕ