ಜಡಿಮಳೆಯಲ್ಲೇ ಆಟದ ಋತು

ಖೋ ಖೋ ಕಂಬದ ಬುಡದಲ್ಲಿ ನೆಲ ಸವೆದು ತಗ್ಗಾಗಿದೆ, ಅದರಲ್ಲಿ ಮಳೆನೀರು ನಿಂತಿದೆ. ಬೆನ್ನಟ್ಟುವ ಹುಡುಗಿ ಓಡಿ ಬಂದವಳೇ ಒಂದು ಕೈಯಲ್ಲಿ ಕಂಬ ಹಿಡಿದು, ಮೈಯನ್ನು ಓರೆಗೆ ಬಾಗಿಸಿ, ಆ ನೀರಿನ ಮೇಲೆಯೇ ತಿರುಗಿ ಇನ್ನೊಂದು ಬದಿಗೆ ಹಾಯುತ್ತಾಳೆ. ಕೆಂಪು ರಾಡಿ ಕೆನ್ನೆಯವರೆಗೂ ಸಿಡಿಯುತ್ತದೆ. ಹೊರಗೆ ನಿಂತ ಗೆಳತಿ ಪ್ರತಿ ಸರದಿ ಮುಗಿದ ಮೇಲೂ ಹಳೆಯ ಬಟ್ಟೆಯಿಂದ ಕಂಬ ಒರೆಸುತ್ತಾಳೆ. ಒದ್ದೆ ಕಂಬ ಕೈಗೆ ಹಿಡಿತ ಕೊಡುವುದಿಲ್ಲ, ಹಿಡಿತ ತಪ್ಪಿದರೆ ಮೊಣಕಾಲು ಕಿತ್ತುಹೋಗುತ್ತದೆ.

ಶಿರಸಿ–ಸಿದ್ದಾಪುರ ರಸ್ತೆಯ ಕಾನಸೂರು ಸುತ್ತಮುತ್ತ, ಅದರಾಚೆ ನಾಣಿಕಟ್ಟಾ, ಹಾರ್ಸಿಕಟ್ಟಾ, ಬಿದ್ರಕಾನ, ಹೆಗ್ಗರಣಿ ಕಡೆಯ ಶಾಲೆಗಳಲ್ಲಿ ಆಟದ ಋತು ಎಂದರೆ ಹೀಗೆಯೇ. ಜೂನ್‌ನಲ್ಲಿ ಶಾಲೆ ತೆರೆದು ದಾಖಲಾತಿ ಮುಗಿಯುತ್ತಿದ್ದಂತೆ ತಂಡ ಕಟ್ಟುವ ಕೆಲಸ ಶುರು. ಆಮೇಲೆ ವಲಯ ಮಟ್ಟ, ತಾಲ್ಲೂಕು ಮಟ್ಟ, ಅಲ್ಲಿ ಗೆದ್ದರೆ ಶಿರಸಿ ಶೈಕ್ಷಣಿಕ ಜಿಲ್ಲೆಯ ಕ್ರೀಡಾಕೂಟ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಕಡೆಯ ಮಕ್ಕಳೆಲ್ಲ ಎದುರಾಗುವುದು ಅಲ್ಲಿ. ಅದನ್ನೂ ದಾಟಿದವರಿಗೆ ಬೆಳಗಾವಿ ವಿಭಾಗ, ಬಳಿಕ ರಾಜ್ಯ ಮಟ್ಟ. ಮೊದಲ ಮೆಟ್ಟಿಲುಗಳೆಲ್ಲ ಮಳೆಗಾಲದಲ್ಲೇ ಬರುತ್ತವೆ. ಜಿಲ್ಲಾಡಳಿತ ಮಳೆ ರಜೆ ಕೊಟ್ಟರೆ ಅಭ್ಯಾಸವೂ ಇಲ್ಲ, ಪಂದ್ಯವೂ ಇಲ್ಲ.

ಬೇರೆ ದೇಶಗಳಲ್ಲಿ ಒಂದು ಶಾಲೆಗೆ ಒಂದು ಫುಟ್‌ಬಾಲ್ ಕ್ಲಬ್ಬು, ಅದರಲ್ಲಿ ವಯಸ್ಸಿಗೊಂದು ತಂಡ ಇರುವುದುಂಟು. ಇಲ್ಲಿ ವಯಸ್ಸಿನ ವಿಂಗಡಣೆ ಇದೆ, 14ರೊಳಗಿನವರು ಪ್ರಾಥಮಿಕದಲ್ಲಿ, 17ರೊಳಗಿನವರು ಪ್ರೌಢಶಾಲೆಯಲ್ಲಿ. ಆದರೆ ಆಟಕ್ಕೊಂದು ತಂಡ ಕಟ್ಟುವಷ್ಟು ಮಕ್ಕಳು ಹಳ್ಳಿ ಶಾಲೆಯಲ್ಲಿ ಎಲ್ಲಿದ್ದಾರೆ? ಕಬಡ್ಡಿಯ ಹುಡುಗರೇ ವಾಲಿಬಾಲ್‌ಗೂ ನಿಲ್ಲಬೇಕು. ಖೋ ಖೋ ಆಡಿದ ಹುಡುಗಿಯರೇ ಥ್ರೋಬಾಲ್ ಆಡಿ, ಮೇಲಾಟದ ದಿನ ರಿಲೇಯ ಕೋಲನ್ನೂ ಹಿಡಿಯಬೇಕು. ಜೆರ್ಸಿ ಒಂದೇ ಜೊತೆ. ಬೆಳಗಿನ ಪಂದ್ಯ ಮುಗಿದ ಮೇಲೆ ಬೆನ್ನಿಗಂಟಿದ ಒದ್ದೆ ಅಂಗಿಯಲ್ಲೇ ಮಧ್ಯಾಹ್ನದ ಆಟ.

ಈ ಎಲ್ಲ ತಂಡಗಳಲ್ಲಿ ನನ್ನ ಕಣ್ಣು ನೆಟ್ಟದ್ದು ಹುಡುಗಿಯರ ಖೋ ಖೋ ಮೇಲೆ. ಎರಡು ಕಂಬ, ನಡುವೆ ಒಂದು ಪಟ್ಟಿ, ಅದರಲ್ಲಿ ಎಂಟು ಚೌಕ. ಎಂಟು ಮಂದಿ ಒಬ್ಬರು ಆಚೆ, ಒಬ್ಬರು ಈಚೆ ಮುಖ ಮಾಡಿ ಕೂರುತ್ತಾರೆ, ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಎದುರಾಳಿಗಳು ಮೂವರು ಮೂವರಾಗಿ ಅಂಕಣಕ್ಕೆ ಇಳಿಯುತ್ತಾರೆ. ಬೆನ್ನಟ್ಟುವವಳು ನಡುಪಟ್ಟಿಯನ್ನು ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ. ಓಡುವವಳಿಗೆ ಇಂಥ ಯಾವ ಕಟ್ಟೂ ಇಲ್ಲ. ಹಾಗಾಗಿ ಬೆನ್ನಟ್ಟುವ ತಂಡಕ್ಕೆ ಇರುವ ದಾರಿ ಒಂದೇ: ಕೂತವಳ ಬೆನ್ನು ಮುಟ್ಟಿ ‘ಖೋ’ ಎಂದು ಕೂಗಿ ಅವಳನ್ನು ಎಬ್ಬಿಸುವುದು. ಸದ್ದು ಸ್ಪಷ್ಟವಾಗಿರಬೇಕು, ಮುಟ್ಟಿದ್ದು ಕಾಣಬೇಕು, ‘ಖೋ’ ಬೀಳುವ ಮೊದಲೇ ಕೂತವಳು ಎದ್ದರೆ ತಪ್ಪು. ತಗಡಿನ ಮಾಡಿನ ಮೇಲೆ ಮಳೆ ಬಡಿಯುವಾಗ ಆ ಕೂಗು ಕೇಳುವುದೇ ಕಷ್ಟ. ಅದಕ್ಕೇ ಇಲ್ಲಿಯ ಹುಡುಗಿಯರು ಗಂಟಲು ಹರಿಯುವಂತೆ ಕೂಗುತ್ತಾರೆ. ತರಗತಿಯಲ್ಲಿ ಹೆಸರು ಕೇಳಿದರೂ ತಲೆ ತಗ್ಗಿಸುವ ಮಕ್ಕಳು ಇವರೇ. ಓಡುವ ಸರದಿ ಬಂದಾಗ ಇನ್ನೊಂದು ವಿದ್ಯೆ ಬೇಕು. ಕೂತವರ ಸಾಲಿನೊಳಗೆ ಅತ್ತಿತ್ತ ನುಸುಳುತ್ತ, ಬೆನ್ನಟ್ಟುವವಳ ಹೆಗಲು ಯಾವ ಕಡೆ ವಾಲುತ್ತದೆ ಎಂಬುದನ್ನಷ್ಟೇ ನೋಡುತ್ತ ಕ್ಷಣ ಕ್ಷಣ ಉಳಿಸಿಕೊಳ್ಳಬೇಕು. ಬರಿಗಾಲಿನಲ್ಲಿ ಜಾರುವ ನೆಲವನ್ನು ಬಲ್ಲವಳೇ ಇಲ್ಲಿ ಉಳಿಯುತ್ತಾಳೆ. ತೋಟದ ಸಂಕ ದಾಟಿ ಶಾಲೆಗೆ ಬರುವವರಿಗೆ ಆ ಪಾಠ ಮನೆಯಲ್ಲೇ ಆಗಿರುತ್ತದೆ.

ಖೋ ಖೋಗೆ ಲಿಖಿತ ನಿಯಮ ಬಂದದ್ದು ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ, 1914ರ ಹೊತ್ತಿಗೆ. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಅಮರಾವತಿಯ ವ್ಯಾಯಾಮಪಟುಗಳು ಇದನ್ನು ಅಲ್ಲಿ ಪ್ರದರ್ಶಿಸಿದ್ದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ನಡೆದು, ಭಾರತದ ಎರಡೂ ತಂಡಗಳು ನೇಪಾಳವನ್ನು ಮಣಿಸಿ ಗೆದ್ದವು. ಗೆದ್ದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಬಿ. ಇದ್ದರು. ಹಳ್ಳಿ ಶಾಲೆಯ ಅಂಕಣದಿಂದ ವಿಶ್ವಕಪ್‌ವರೆಗೆ ದಾರಿ ಇದೆ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಡ.

ಫುಟ್‌ಬಾಲ್ ಇಲ್ಲಿ ಇನ್ನೂ ಬೇರೂರಿಲ್ಲ. ನಮ್ಮ ರಾಜ್ಯದಲ್ಲಿ ಅದು ಬಹುಮಟ್ಟಿಗೆ ಬೆಂಗಳೂರಿನ ಆಟ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಾಗಲೂ ಸಂಭ್ರಮ ಘಟ್ಟದವರೆಗೆ ಅಷ್ಟಾಗಿ ಬರಲಿಲ್ಲ. ಗುಡ್ಡ ಕಡಿದು ಮಾಡಿದ ಶಾಲೆಯ ಅಂಗಳದಲ್ಲಿ ನೂರು ಮೀಟರ್ ಸಮತಟ್ಟು ಜಾಗ ಸಿಗುವುದೇ ಅಪರೂಪ. ಚೆಂಡು ಒಮ್ಮೆ ಇಳಿಜಾರಿಗೆ ಬಿದ್ದರೆ ತೋಟದ ಕಾಲುವೆಯಲ್ಲೇ ಹುಡುಕಬೇಕು.

ಕಬಡ್ಡಿ ಅಂಕಣದ ಕೆಸರಿಗೆ ಮರದ ಹೊಟ್ಟು ಸುರಿಯುತ್ತಾರೆ. ಸುಣ್ಣದ ಗೆರೆ ಒಂದು ಮಳೆಗೆ ಅಳಿಸಿಹೋಗುತ್ತದೆ. ವಾಲಿಬಾಲ್ ನೀರು ಕುಡಿದು ಭಾರವಾಗುತ್ತದೆ. ಇದನ್ನೆಲ್ಲ ಸಂಭಾಳಿಸುವವರು ದೈಹಿಕ ಶಿಕ್ಷಕರು. ವಲಯ ಮಟ್ಟಕ್ಕೆ ಮಕ್ಕಳನ್ನು ಕರೆದೊಯ್ಯಲು ವಾಹನ ಗೊತ್ತು ಮಾಡುವುದು, ಜನ್ಮದಿನಾಂಕದ ದಾಖಲೆ ಜೋಡಿಸುವುದು, ನಾಟಿ ಸಮಯದಲ್ಲಿ ಗದ್ದೆಗೆ ಹೋದ ಹುಡುಗನ ಮನೆಗೆ ಹೋಗಿ ‘ಎರಡು ದಿನ ಬಿಟ್ಟುಕೊಡಿ’ ಎಂದು ಕೇಳುವುದು, ಎಲ್ಲ ಅವರದೇ ಕೆಲಸ. ಸಣ್ಣ ಶಾಲೆಗಳಲ್ಲಿ ಆ ಹುದ್ದೆಯೇ ಇಲ್ಲ. ಅಲ್ಲಿ ಗಣಿತದ ಮೇಷ್ಟ್ರೋ ಕನ್ನಡದ ಅಕ್ಕೋರೋ ಸೀಟಿ ಹಿಡಿಯುತ್ತಾರೆ.

ಪ್ರತಿಭೆಗೆ ಈ ಸೀಮೆಯಲ್ಲಿ ಎಂದೂ ಬರವಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಮಕ್ಕಳಿಗಾಗಿ ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ವಿಶೇಷ ತರಬೇತಿ ಆರಂಭಿಸಿತು. ರಾಷ್ಟ್ರಮಟ್ಟದಲ್ಲಿ ಪದಕಗಳು ಬಂದವು. ಆದರೂ 1990ರ ದಶಕದ ಆರಂಭದಲ್ಲೇ ಅದು ನಿಂತುಹೋಯಿತು. ಓಟ ಬಲ್ಲ ಎಷ್ಟೋ ಮಕ್ಕಳು ಕಾಡಿನಂಚಿನ ಕೂಲಿಗೆ ಮರಳಿದರು. ಕಾಲಲ್ಲಿ ಕಸುವಿದ್ದರೂ ಅಭ್ಯಾಸದ ಅನುಕೂಲ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆ ಒಮ್ಮೆ ಕಂಡಿದೆ.

ಅನುಕೂಲದ ಪ್ರಶ್ನೆ ಎದ್ದು ಕಾಣುವುದು ವಿಭಾಗ ಮಟ್ಟದಲ್ಲಿ. ಸಿದ್ದಾಪುರದಲ್ಲಿ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ವಿಜಯಪುರ, ಬಾಗಲಕೋಟೆ, ಗದಗದ ಮಕ್ಕಳು ಜುಲೈ, ಆಗಸ್ಟ್‌ನಲ್ಲೂ ಹೆಚ್ಚಿನ ದಿನ ಒಣ ನೆಲದಲ್ಲಿ ಬೆವರು ಹರಿಸಿ ಬಂದಿರುತ್ತಾರೆ. ನಮ್ಮ ಮಕ್ಕಳು ಮಳೆ ಬಿಟ್ಟ ಹೊತ್ತು ನೋಡಿ ಅರ್ಧ ಗಂಟೆ ಆಡಿ ಹೋಗಿರುತ್ತಾರೆ. ವೇಳಾಪಟ್ಟಿ ರಾಜ್ಯಕ್ಕೆಲ್ಲ ಒಂದೇ, ಆಕಾಶ ಒಂದೇ ಅಲ್ಲ. ವಿಭಾಗ ಮಟ್ಟದಲ್ಲಿ ಸೋತರೆ ಆ ಸೋಲನ್ನು ಮಕ್ಕಳ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಪರಿಹಾರ ದೊಡ್ಡದೇನಲ್ಲ. ಖೋ ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಕಬಡ್ಡಿ, ವಾಲಿಬಾಲ್, ಥ್ರೋಬಾಲ್ ಮೂರರ ಅಂಕಣಗಳೂ ಅದರೊಳಗೇ ಹಿಡಿಯುತ್ತವೆ. ಅಷ್ಟು ಜಾಗಕ್ಕೆ ತುಸು ಎತ್ತರದ ಒಂದು ತಗಡಿನ ಚಾವಣಿ ಬಿದ್ದರೆ ಶಾಲೆಯ ಎಲ್ಲ ತಂಡಗಳಿಗೂ ಅಭ್ಯಾಸದ ಜಾಗ ಆಯಿತು. ಪ್ರತಿ ಶಾಲೆಗೂ ಆಗದಿದ್ದರೆ ವಲಯಕ್ಕೊಂದು ಸಾಕು. ಅಡಿಕೆ ಒದ್ದೆಯಾಗಬಾರದೆಂದು ಸಾಲ ಮಾಡಿಯಾದರೂ ಅಂಗಳಕ್ಕೆ ಚಪ್ಪರ ಹಾಕುವ ಜನ ನಾವು. ಹಳೆಯ ವಿದ್ಯಾರ್ಥಿಗಳು, ಸಹಕಾರಿ ಸಂಘಗಳು, ಪಂಚಾಯಿತಿ ಒಟ್ಟಾಗಿ ಕೂತು ಮಾತಾಡಿದರೆ ಬರುವ ಮಳೆಗಾಲದೊಳಗೆ ಕಾನಸೂರು ಸೀಮೆಯಲ್ಲಿ ಇಂಥದ್ದೊಂದು ಚಾವಣಿ ಏಳಬಹುದು. ಆಟದ ಮಕ್ಕಳಿಗಾಗಿ ಅಷ್ಟು ಮಾಡೋಣ.