ಹೆಸರೊಂದು, ಕುಲವೆರಡು

ತಲಕಾವೇರಿಯಿಂದ ಇಳಿದು ಬಂದ ಹೊಳೆ ವಾಲ್ನೂರು, ದುಬಾರೆಗಳ ಬಳಿ ಮಡುಗಟ್ಟುವೆಡೆ ಮಹಶೀರ್ ಮೀನಿನ ನೆಲೆಯೆಂಬುದನ್ನು ಕೊಡಗಿನವರೆಲ್ಲ ಬಲ್ಲರು. ಆದರೆ ಆ ಒಂದು ಹೆಸರಿನ ಮರೆಯಲ್ಲಿ ಎರಡು ಕುಲಗಳಿವೆ. ಒಂದು ಕಾವೇರಿಯ ಸೀಮೆಗೇ ಮೀಸಲಾದುದು: ಗೂನುಬೆನ್ನು, ಕಿತ್ತಳೆ ಬಣ್ಣದ ಈಜುರೆಕ್ಕೆ, ತೂಕ 50 ಕಿಲೋವನ್ನೂ ಮೀರಬಲ್ಲುದು. ಇನ್ನೊಂದು ನೀಲಿ ರೆಕ್ಕೆಯದು. 1839ರಲ್ಲಿ ಸೈಕ್ಸ್ ಎಂಬಾತ ಪುಣೆಯ ಮುಳಾ-ಮುಠಾ ಹೊಳೆಯಲ್ಲಿ ಗುರುತಿಸಿ ವರ್ಣಿಸಿದುದು.

ಮಹಶೀರ್ ಕ್ಷೀಣಿಸುತ್ತಿದೆಯೆಂಬ ಕಳಕಳಿಯಿಂದಲೇ 1970ರ ದಶಕದಿಂದೀಚೆಗೆ ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮರಿಗಳನ್ನು ಕಾವೇರಿಗೂ ತಂದು ಬಿಟ್ಟರು. ಅವು ಹಬ್ಬಿದವು; ಗೂನುಬೆನ್ನಿನವು ಅಪರೂಪವಾದವು. ಗಾಳಕ್ಕೆ ಮೀನು ಸಿಗುತ್ತಲೇ ಇದ್ದುದರಿಂದ ಈ ನಷ್ಟ ಬಹುಕಾಲ ಮರೆಯಾಗಿತ್ತು.

ನಾನು ಹಳಗನ್ನಡ ಪಾಠ ಹೇಳಿದವನು. ಓಲೆಪ್ರತಿಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿದಾಗಲೇ ಯಾವುದು ಯಾವ ಮೂಲದ್ದೆಂದು ತಿಳಿಯುವುದು. ವಂಶವಾಹಿಯೂ ತಾಯಿತಂದೆಯರಿಂದ ಮರಿಗೆ ಇಳಿದು ಬರುವ ಅಂಥದೇ ಬರಹ. ಅದನ್ನು ಓದಿದ ವಿಜ್ಞಾನಿಗಳು 2018ರಲ್ಲಿ, ಅದುವರೆಗೆ ಶಾಸ್ತ್ರದ ಹೆಸರು ಖಚಿತವಾಗದಿದ್ದ ಗೂನುಬೆನ್ನಿನ ಮೀನು ಕೇರಳದ ಪಾಂಬಾರಿನಲ್ಲಿ ಮೊದಲು ಗುರುತಿಸಲಾದ ‘ಟಾರ್ ರೆಮಾದೇವಿ’ಯೇ ಎಂದು ತೋರಿಸಿದರು. ಪಾಂಬಾರಿನ ನೀರೂ ಮೂಡಣಕ್ಕೆ ಹರಿದು ಕಾವೇರಿಯನ್ನೇ ಸೇರುತ್ತದೆ. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಮೀನನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿತು.

ಕಾವ್ಯವೊಂದರ ಗರಿಗಳು ಸವೆದುವೆಂದು ಬೇರೊಂದರ ಗರಿಗಳನ್ನು ಪೋಣಿಸಿದರೆ ಕಟ್ಟು ದಪ್ಪವಾದೀತು, ಕಾವ್ಯ ಉಳಿಯದು. ಹೊಳೆಗೆ ಮರಿ ಬಿಡುವ ಮುನ್ನ ಅವು ಯಾವ ಹೊಳೆಯ ಮಕ್ಕಳೆಂದು ವಿಚಾರಿಸುವುದು ಆದ್ದರಿಂದಲೇ ಅಗತ್ಯ.