ಸ್ಟಿಯರಿಂಗ್ ಬಿಗಿಯಾದರೆ ಮೊದಲು ಬ್ಯಾಟರಿ ನೋಡಿ

ಕೊಯ್ಲು ಮುಗಿದ ಮೇಲೆ ಬೆಂಗಳೂರಿನಲ್ಲಿರುವ ಮಕ್ಕಳ ಮನೆಗೆ ಹೋಗಿ ಬರುವುದು ನಮ್ಮ ಬೆಳೆಗಾರರಲ್ಲಿ ಈಗ ರೂಢಿಯಾಗಿದೆ. ಸಂಘದ ಸದಸ್ಯರೊಬ್ಬರು ಹೀಗೆಯೇ ತಮ್ಮ ಸಣ್ಣ ಕಾರಿನಲ್ಲಿ ಚಿಕ್ಕಲಸಂದ್ರದ ಮಗಳ ಮನೆಗೆ ಹೋಗಿದ್ದರು. ಘಟ್ಟದ ತಿರುವುಗಳಲ್ಲೆಲ್ಲ ಸರಿಯಾಗಿಯೇ ಇದ್ದ ಕಾರು, ಅಲ್ಲಿನ ಇಕ್ಕಟ್ಟಾದ ಅಡ್ಡರಸ್ತೆಯಲ್ಲಿ ಹಿಂದೆ ಮುಂದೆ ಏಳೆಂಟು ಸಲ ಆಡಿಸಿ ನಿಲ್ಲಿಸುವಷ್ಟರಲ್ಲಿ ಸ್ಟಿಯರಿಂಗ್ ಬಿಗಿಯಾಗಿ, ಎದುರಿನ ಫಲಕದಲ್ಲಿ ಹಳದಿ ದೀಪ ಹತ್ತಿತು. ಮರುದಿನ ಗ್ಯಾರೇಜೊಂದರಲ್ಲಿ ಇಡೀ ಸ್ಟಿಯರಿಂಗ್ ಕಾಲಂ ಬದಲಿಸಬೇಕೆಂದು ಅರ್ಧ ಲಕ್ಷದ ಸಮೀಪದ ಅಂದಾಜು ಕೊಟ್ಟರು. ಕೊನೆಗೆ ಸಿಕ್ಕ ದೋಷವೆಂದರೆ ಐದು ವರ್ಷ ದಾಟಿದ ಬ್ಯಾಟರಿ, ಮತ್ತು ಅದರ ಟರ್ಮಿನಲ್ಲಿಗೆ ಕಟ್ಟಿದ್ದ ಬಿಳಿಯ ಬೂಷ್ಟು.

ಎರಡೆಕರೆ ಮೂರೆಕರೆಯ ಹಿಡುವಳಿದಾರನಿಗೆ ಅರ್ಧ ಲಕ್ಷವೆಂದರೆ ಗೊಬ್ಬರದ ಬಾಬ್ತು. ಆದ್ದರಿಂದ ಈ ಯಂತ್ರದ ಮರ್ಮವನ್ನು ಸ್ವಲ್ಪ ತಿಳಿದಿರುವುದು ಲೇಸು.

ಹಳೆಯ ಪವರ್ ಸ್ಟಿಯರಿಂಗಿನಲ್ಲಿ ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಿ ನಮ್ಮ ಕೈಗೆ ಸಹಾಯ ಮಾಡುತ್ತಿತ್ತು. ಈಗಿನ ಸಣ್ಣ ಕಾರುಗಳಲ್ಲಿ ಆ ಎಣ್ಣೆಯೂ ಇಲ್ಲ, ಪಂಪೂ ಇಲ್ಲ; ವಿದ್ಯುತ್ ಮೋಟಾರೇ ಆ ಕೆಲಸ ಮಾಡುತ್ತದೆ. (ಬಾನೆಟ್ ತೆರೆದು ಸ್ಟಿಯರಿಂಗ್ ಎಣ್ಣೆಯ ಡಬ್ಬಿ ಹುಡುಕುವವರು ಇನ್ನೂ ಇದ್ದಾರೆ!) ಜಪಾನಿನ ಸುಜುಕಿ ಸೆರ್ವೋ ಎಂಬ ಪುಟ್ಟ ಕಾರಿಗೆ 1988ರಲ್ಲಿ ಈ ವ್ಯವಸ್ಥೆ ಬಂತು. ಸ್ಟಿಯರಿಂಗ್ ದಂಡದಲ್ಲಿ ತೆಳುವಾದೊಂದು ಸರಳಿದ್ದು, ನಾವು ಚಕ್ರ ತಿರುಗಿಸಿದಾಗ ಅದು ತುಸುವೇ ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಅಳೆಯುವ ಸೆನ್ಸರ್ ಕಂಟ್ರೋಲ್ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ. ಪೆಟ್ಟಿಗೆಯು ಕಾರಿನ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮೋಟಾರಿಗೆ ಅಪ್ಪಣೆ ಕೊಡುತ್ತದೆ. ವೇಗ ಕಡಿಮೆಯಿದ್ದಾಗ ಸಹಾಯ ಹೆಚ್ಚು. ವೇಗ ಏರಿದಂತೆ ಸಹಾಯ ಕಡಿಮೆ.

ಇಲ್ಲಿಯೇ ಚಿಕ್ಕಲಸಂದ್ರದ ಪ್ರಕರಣದ ಗುಟ್ಟಿರುವುದು. ಎರಡು ಸಾಮಾನ್ಯ ಹೆಡ್‌ಲೈಟುಗಳು ಸೇರಿ ಎಳೆಯುವ ವಿದ್ಯುತ್ತು ಸುಮಾರು 10 ಆಂಪಿಯರ್. ನಿಂತ ಕಾರಿನ ಸ್ಟಿಯರಿಂಗನ್ನು ಪೂರ್ತಿ ತಿರುಗಿಸುವಾಗ ಈ ಮೋಟಾರು ಅದರ ಐದಾರು ಪಟ್ಟು ಎಳೆಯಬಲ್ಲದು. ಬ್ಯಾಟರಿ ಸೊರಗಿದ್ದರೆ, ಟರ್ಮಿನಲ್ ಸಡಿಲವಿದ್ದರೆ ವೋಲ್ಟೇಜು ಕುಸಿದು, ಪೆಟ್ಟಿಗೆಯು ಸಹಾಯವನ್ನೇ ನಿಲ್ಲಿಸಿ ದೀಪ ಹತ್ತಿಸುತ್ತದೆ. ಹೆದ್ದಾರಿಯಲ್ಲಿ ಮೋಟಾರಿಗೆ ಅಷ್ಟು ಕೆಲಸವಿಲ್ಲವಾದ್ದರಿಂದ ದೋಷ ಅಡಗಿಕೊಂಡೇ ಇರುತ್ತದೆ.

ಇದನ್ನು ಪರೀಕ್ಷಿಸಲು ಪಂಪ್‌ಸೆಟ್ಟಿಗೆಂದು ನಮ್ಮಲ್ಲಿ ಹಲವರು ಇಟ್ಟುಕೊಂಡಿರುವ ಮಲ್ಟಿಮೀಟರೇ ಸಾಕು. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2ಕ್ಕೆ ಇಳಿದಿದ್ದರೆ ಅರ್ಧ ಬರಿದಾಗಿದೆಯೆಂದೇ ಅರ್ಥ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರ ಒಳಗಿರಬೇಕು. ಅನಂತರ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಬಣ್ಣವಿಲ್ಲದ ಬಾಡಿಯ ಬೋಲ್ಟಿಗೂ ಹಿಡಿದು, ಮನೆಯವರೊಬ್ಬರಿಂದ ಸ್ಟಿಯರಿಂಗ್ ತಿರುಗಿಸಿ ನೋಡಿ. ಮೀಟರು ಅರ್ಧ ವೋಲ್ಟಿನತ್ತ ಏರಿದರೆ ಅರ್ಥಿಂಗ್ ವೈರು ಕೆಟ್ಟಿದೆ. ನಮ್ಮ ಮಳೆಗಾಲದ ತೇವಕ್ಕೆ ಆ ಬೋಲ್ಟು ತುಕ್ಕು ಹಿಡಿಯುವುದು ಸಹಜ. ಎಂಜಿನ್ ಆರಿಸಿ, ತುದಿಗಳನ್ನು ಉಜ್ಜಿ, ಬಿಗಿಮಾಡಿ. ಬ್ಯಾಟರಿ ಕಳಚಿ ಜೋಡಿಸಿದ ಮೇಲೂ ಕೆಲವು ಕಾರುಗಳಲ್ಲಿ ದೀಪ ಉಳಿಯುತ್ತದೆ; ಎಂಜಿನ್ ಓಡುತ್ತಿರುವಾಗ ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದರೆ ಅನೇಕ ವೇಳೆ ಅದು ಆರುತ್ತದೆ. ಫ್ಯೂಸು ಹೋಗಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಬೇಕೇ ಹೊರತು ತಂತಿ ಸುತ್ತಕೂಡದು.

ಸಹಾಯ ಕಡಿಮೆಯಾಗಿ, ಕಾಲು ಗಂಟೆ ನಿಲ್ಲಿಸಿದ ಮೇಲೆ ತಾನಾಗಿಯೇ ಸರಿಹೋದರೆ ಮೋಟಾರು ಕಾದಿತ್ತೆಂದು ತಿಳಿಯಿರಿ. ನಿಂತಲ್ಲೇ ಪದೇ ಪದೇ ತಿರುಗಿಸಿದರೆ ಹೀಗಾಗುತ್ತದೆ. ಅದು ರಕ್ಷಣೆಯ ಏರ್ಪಾಡು, ಕೆಟ್ಟದ್ದಲ್ಲ. ಚಕ್ರ ತುಸು ಉರುಳುವಾಗ ತಿರುಗಿಸಿದರೆ ಮೋಟಾರಿಗೆ ಶ್ರಮ ಕಡಿಮೆ. ಎ.ಬಿ.ಎಸ್. ದೀಪವೂ ಜೊತೆಗೆ ಹತ್ತಿದ್ದರೆ ಚಕ್ರದ ವೇಗ ಅಳೆಯುವ ಸೆನ್ಸರಿನ ವೈರನ್ನು ನೋಡಿಸಿ: ತೋಟದ ಕೆಸರು ಕಾರಣವಿರಬಹುದು, ಅಡಿಕೆ ಶೆಡ್ಡಿನ ಇಲಿಯೂ ಇರಬಹುದು. ದೀಪವೇ ಹತ್ತದೆ ಭಾರವಾಗಿದ್ದರೆ ಮೊದಲು ಟೈರಿನ ಗಾಳಿ, ಆಮೇಲೆ ಅಲೈನ್‌ಮೆಂಟ್. ಏರ್‌ಬ್ಯಾಗಿನ ಹಳದಿ ವೈರುಗಳಿಗೆ ಮಾತ್ರ ಯಾರೂ ಕೈಹಾಕಬೇಡಿ.

ಘಟ್ಟದಲ್ಲಿ ದೀಪ ಹತ್ತಿದರೆ ಗಾಬರಿ ಬೇಡ. ಸ್ಟಿಯರಿಂಗಿಗೂ ಚಕ್ರಗಳಿಗೂ ಕಬ್ಬಿಣದ ಸಂಪರ್ಕ ಇದ್ದೇ ಇರುತ್ತದೆ. ಭಾರವಾಗುತ್ತದೆ, ಆದರೆ ತಿರುಗುತ್ತದೆ. ಎರಡೂ ಕೈಯಲ್ಲಿ ಹಿಡಿದು, ವೇಗ ಇಳಿಸಿ, ಅಗಲವಾದ ಜಾಗದಲ್ಲಿ ನಿಲ್ಲಿಸಿ. ಓಡುವಾಗ ಚಾವಿ ತಿರುಗಿಸಿ ಎಂಜಿನ್ ಆರಿಸಲೇಬಾರದು. ಪೆಟ್ರೋಲು ಉಳಿಸಲು ಎಂಜಿನ್ ಆರಿಸಿ ಘಟ್ಟ ಇಳಿಯುವ ಹಳೆಯ ಜೀಪಿನ ಕಾಲದ ಚಾಳಿ ಕೆಲವರಲ್ಲಿ ಉಳಿದಿದೆ. ಈ ಕಾರುಗಳಲ್ಲಿ ಹಾಗೆ ಮಾಡಿದರೆ ಸ್ಟಿಯರಿಂಗಿನ ಸಹಾಯವೂ ಹೋಗುತ್ತದೆ, ನಾಲ್ಕು ಸಲ ತುಳಿಯುವುದರೊಳಗೆ ಬ್ರೇಕೂ ಕಲ್ಲಾಗುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಗ್ಯಾರೇಜಿಗೆ ಹೋಗಲೇಬೇಕು. ಅಲ್ಲಿ ಸ್ಕ್ಯಾನರ್ ಹಾಕಿಸಿ, ಸಿಕ್ಕ ದೋಷದ ಸಂಖ್ಯೆಯನ್ನು ಬರೆಸಿಕೊಳ್ಳಿ. ಸ್ಟಿಯರಿಂಗಿನ ಸಂಖ್ಯೆಗಳು ಸಾಮಾನ್ಯವಾಗಿ ‘ಸಿ’ ಅಕ್ಷರದಿಂದ ಆರಂಭವಾಗುತ್ತವೆ. ಎಂಜಿನ್ನಿನ ದೋಷ ಮಾತ್ರ ಓದುವ ಅಗ್ಗದ ಯಂತ್ರಕ್ಕೆ ಅವು ಕಾಣುವುದಿಲ್ಲ. ಕಾಲಂ ಬದಲಿಸಲು ಒಪ್ಪುವ ಮೊದಲು ಬ್ಯಾಟರಿ ಲೋಡ್ ಪರೀಕ್ಷೆಯಾಯಿತೇ ಎಂದು ಕೇಳಿ. ಕಾರಿನ ಚಾಸಿಸ್ ಸಂಖ್ಯೆಯನ್ನು ಕಂಪನಿಯವರಲ್ಲಿ ವಿಚಾರಿಸುವುದೂ ಒಳ್ಳೆಯದು. 2023ರ ಜುಲೈಯಲ್ಲಿ ಮಾರುತಿ ಕಂಪನಿಯು ಸ್ಟಿಯರಿಂಗ್ ಟೈ ರಾಡಿನ ಭಾಗವೊಂದರಲ್ಲಿ ದೋಷವಿರಬಹುದೆಂದು 87,599 ಎಸ್-ಪ್ರೆಸ್ಸೋ ಮತ್ತು ಈಕೋ ವಾಹನಗಳನ್ನು ಹಿಂದಕ್ಕೆ ಕರೆಸಿ, ಪರೀಕ್ಷಿಸಿ ಉಚಿತವಾಗಿ ಬದಲಿಸಿಕೊಡಲು ಮುಂದಾಗಿತ್ತು. ಕಾರನ್ನು ಎರಡನೆಯ ಕೈಯಿಂದ ಕೊಂಡವರಿಗೆ ಇಂಥ ಕರೆಯೋಲೆ ಎಷ್ಟೋ ಸಲ ಹಳೆಯ ಮಾಲೀಕರ ವಿಳಾಸಕ್ಕೇ ಹೋಗಿಬಿಡುತ್ತದೆ.